ಅವ್ವನ ಹಣೆಯ ಕುಂಕುಮ

ಚಾಮರಾಜನಗರ
14-7-2025

ಪ್ರೀತಿಯ ತಂಗಿ ಭಾಗ್ಯಳಿಗೆ,

ಅಕ್ಕನ ಆಶೀರ್ವಾದಗಳು. ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ. ಗುಂಡ್ಲುಪೇಟೆಯಲ್ಲಿ ನೀನೂ ನಿನ್ನ ಯಜಮಾನರೂ ಮಕ್ಕಳೂ ಹಾಗೇ ಇದ್ದೀರೆಂದು ನಂಬಿದ್ದೇನೆ. ಬರೆಯಲು ತಿಂಗಳು ತಡವಾಯಿತು, ಬೈಯಬೇಡ. ಫೋನಿನಲ್ಲಿ ಹೇಳಿದರೆ ನೀನು ನಡುವೆ ಬಾಯಿ ಹಾಕುತ್ತೀಯೆ. ಅಲ್ಲದೆ ಹೋದ ವಾರದವರೆಗೂ ನನಗೆ ನಿನ್ನ ಮೇಲೇ ಅನುಮಾನವಿತ್ತು. ನನ್ನ ಸ್ವಭಾವ ಗೊತ್ತಲ್ಲ, ಹಾಲು ಕೊಟ್ಟರೆ ನೀರೆಷ್ಟು ಎಂದು ಕೇಳುವವಳು.

ನಾನು ಕೆಲಸಕ್ಕಿರುವ ಕಲಾ ಮ್ಯೂಸಿಯಂನಲ್ಲಿ ಬಟ್ಟೆ ಅಂಗಡಿ ಗುಲಾಮ್ ಮೊಹಿದ್ದೀನ್ ಸಾಹೇಬರ ಮಗಳು ಮಿಸ್ಬಾ ಹೊಸ ಪ್ರದರ್ಶನ ಮಾಡಿದ್ದನ್ನು ನೀನೇ ನೋಡಿ ಹೋಗಿದ್ದೀಯೆ. ಕಪ್ಪು ಗೋಡೆಯ ಮೇಲೆ ಈ ಸೀಮೆಯ ಹನ್ನೆರಡು ಹೆಂಗಸರ ಮುಖ, ಸೀಮೆಸುಣ್ಣದಲ್ಲಿ, ಬೇಕೆಂದೇ ಅರ್ಧಕ್ಕೆ ಬಿಟ್ಟದ್ದು. ಮುಂದೆ ಬಣ್ಣದ ಸೀಮೆಸುಣ್ಣದ ಬಟ್ಟಲು, 'ಈ ಮುಖಕ್ಕೆ ಬೇಕಾದ್ದನ್ನು ನೀವೇ ಸೇರಿಸಿ' ಎಂಬ ಬೋರ್ಡು. ಬಂದವರು ಕೈಕಟ್ಟಿ ನೋಡಿ ಹೋಗಬಾರದು ಅನ್ನುವುದು ಅವಳ ಹಟ. ಜನ ಸೇರಿಸಿದ್ದನ್ನು ಯಾರೂ ಅಳಿಸಕೂಡದು. ಅದನ್ನು ಕಾಯುವುದೇ ನನ್ನ ಕೆಲಸ. ಹನ್ನೆರಡರಲ್ಲಿ ಒಂದು ನಮ್ಮವ್ವನದು. ಫೋಟೋ ಕೊಟ್ಟವಳೂ ನಾನೇ.

ಮೊದಲು ಮಕ್ಕಳು ಅವ್ವನ ಮುಡಿಗೆ ಹೂವು ಬರೆದರು. ಯಾರೋ ಪುಣ್ಯಾತ್ಮ ಕನ್ನಡಕ ಹಾಕಿದ. ನನಗೂ ನಗು ಬಂತು. ಆಮೇಲೊಂದು ದಿನ ನೋಡುತ್ತೇನೆ, ಅವ್ವನ ಹಣೆಯಲ್ಲಿ ಕಾಸಗಲ ಕುಂಕುಮ. ಸೀಮೆಸುಣ್ಣವಲ್ಲ, ಮನೆಯಿಂದ ತಂದ ನಿಜವಾದ ಕುಂಕುಮ. ಉಳಿದ ಹನ್ನೊಂದು ಹಣೆ ಮುಟ್ಟಿರಲಿಲ್ಲ. ಅವ್ವ ಮೂವತ್ತು ವರ್ಷ ಬರಿ ಹಣೆಯಲ್ಲಿ ಬಾಳಿದವಳೆಂದು ಬಲ್ಲವರೇ ಹಂಗಿಸುತ್ತಿದ್ದಾರೆ ಅನ್ನಿಸಿ ಮೈ ಉರಿಯಿತು. ಒದ್ದೆ ಬಟ್ಟೆ ತಂದು ಒರೆಸಿಬಿಟ್ಟೆ. ಮೂರು ದಿನಕ್ಕೆ ಮತ್ತೆ ಬಂತು. ಮತ್ತೆ ಒರೆಸಿದೆ.

ಟಿಕೆಟ್ ಕೊಡುವ ಮಾದಣ್ಣನ ಬೆರಳು ನೋಡಿದೆ. "ಏನಕ್ಕ, ನನ್ ಕೈ ನೋಡಿ ಶಾಸ್ತ್ರ ಏಳಿಯಾ?" ಅಂದ. ಜನ ಸೇರಲೆಂದು ಮಿಸ್ಬಾಳೇ ಹಚ್ಚುತ್ತಾಳೇನೋ ಎಂದೂ ಎಣಿಸಿದೆ. ಅವಳು ನೋಡಿದರೆ ನನ್ನನ್ನೇ ಕರೆದು, "ಅಕ್ಕಾ, ಯಾರೋ ಕುಂಕುಮ ಅಳಿಸ್ತಿದ್ದಾರೆ, ಸ್ವಲ್ಪ ಕಣ್ಣಿಟ್ಟಿರಿ" ಅಂದಳು. ಕಳ್ಳನ ಕೈಗೆ ಕೀಲಿ ಕೊಟ್ಟ ಹಾಗಾಯಿತು. ಹೂಂ ಅಂದೆ. ಇನ್ನು ನೀನು, ಅವತ್ತು ಬಂದವಳು "ಅವ್ವುನ್ ಬರಿ ಹಣೆ ನೋಡಕಾಗಲ್ಲ ಕಣಕ್ಕ" ಅಂದಿದ್ದೆ. ಅನುಮಾನಕ್ಕೆ ಅಷ್ಟು ಸಾಲದೇ?

ಹೋದ ಶುಕ್ರವಾರ ಕಂಬದ ಹಿಂದೆ ಸ್ಟೂಲ್ ಹಾಕಿಕೊಂಡು ಕೂತೆ. ಹನ್ನೊಂದು ಗಂಟೆಗೆ ಬಂದದ್ದು ಚಿಕ್ಕನಿಂಗಮ್ಮ. ಹರದನಹಳ್ಳಿಯಲ್ಲಿ ನಮ್ಮ ಪಕ್ಕದ ಮನೆಯವಳು, ಅವ್ವ ಸಾಯುವವರೆಗೂ ಯಾರ ಜೊತೆ ಮಾತು ಬಿಟ್ಟಿದ್ದಳೋ, ಅವಳೇ. ಬೇಲಿ ಜಗಳ ಎಂದು ನೀನು ಇವತ್ತಿಗೂ ತಿಳಿದಿದ್ದೀಯೆ. ಸೆರಗಿನ ಗಂಟು ಬಿಚ್ಚಿ ಬೆರಳಿಗೆ ಕುಂಕುಮ ತೆಗೆದುಕೊಂಡಳು. ಹೋಗಿ ಕೈ ಹಿಡಿದೆ.

"ನಿಮ್ಮಪ್ಪ ಸತ್ತ ಅನ್ನೊಂದ್ನೇ ದಿನ ಇದೇ ಕೈಲಿ ಒರ್ಸಿದ್ದು ಕಣಮ್ಮಿ," ಅಂದಳು. "ನೀನೂ ಅಲ್ಲೇ ಇದ್ದಲ್ಲ. ನಿಮ್ಮವ್ವ ಬ್ಯಾಡ ಅಂತ ಕೈ ಮುಗುದ್ಲು. ಊರೋರ್ ಮಾತ್ಗೆ ಒರುಸ್ಬುಟ್ಟೆ. ಇಲ್ಲಿ ಯಾರ್ ಬೇಕಾದ್ರೂ ಇಕ್ಬೌದು ಅಂತ ಆ ಉಡ್ಗಿ ಓದಿ ಏಳ್ತು. ಎಂಗಸ್ರಿಗೆ ಬಸ್ಸು ಬಿಟ್ಟಿ, ಬತ್ತಾ ಇವ್ನಿ. ಅದ್ಯಾವ ಪಾಪಿ ಒರುಸ್ತದೋ ಕಾಣೆ."

ನಾನು ಕೈ ಬಿಟ್ಟೆ. ಅವಳು ಕುಂಕುಮ ಇಟ್ಟು, ಬೆರಳನ್ನು ಸೆರಗಿಗೆ ಒರೆಸಿಕೊಂಡು, ಬಸ್ಸಿಗೆ ಹೊತ್ತಾಯಿತೆಂದು ಹೋದಳು.

ಈಗ ಯಾರೂ ಅಳಿಸುತ್ತಿಲ್ಲವೆಂದು ಮಿಸ್ಬಾಗೆ ಸಂತೋಷ. ಆಗಸ್ಟ್ ಕೊನೆಗೆ ಗೋಡೆಗೆ ಸುಣ್ಣ ಹೊಡೆಯುತ್ತಾರೆ, ಅಷ್ಟರೊಳಗೆ ಬಂದು ನೋಡು. ನಿನ್ನನ್ನು ಅನುಮಾನಿಸಿದ್ದಕ್ಕೆ ಎರಡು ಮಾತು ಬೈದುಕೋ. ಮಕ್ಕಳಿಗೆ ಒಳ್ಳೆಯದಾಗಲಿ. ಮುತ್ತೈದೆಯಾಗಿ ಬಾಳು ಎಂದು ಬರೆಯಲು ಈ ಸಲ ಕೈ ಬರುತ್ತಿಲ್ಲ. ಚೆನ್ನಾಗಿ ಬಾಳು.

ನಿನ್ನ ಅಕ್ಕ,
ಮಹಾಲಕ್ಷ್ಮಮ್ಮ

ಮರೆತ ಮಾತು: ಮರೆತಿದ್ದೆ ಅಂದರೆ ಸುಳ್ಳು. ಕುಂಕುಮ ಒರೆಸಿದ ಆ ದಿನ ನಿನಗೆ ಐದು ವರ್ಷ, ಆಚೆ ಬೀದಿಯ ಕರಿಯಮ್ಮನ ಮನೆಗೆ ಕಳಿಸಿದ್ದರು. ನನಗೆ ಹದಿನೆಂಟು. ಅವ್ವ ಮೊದಲು ಕೈ ಮುಗಿದದ್ದು ಚಿಕ್ಕನಿಂಗಮ್ಮನಿಗಲ್ಲ, ನನಗೆ. "ನೀನಾರೂ ಬ್ಯಾಡ ಅನ್ನಮ್ಮಿ" ಅಂದಳು. ನಾನು ಒಳಗೆ ಹೋಗಿ ಒದ್ದೆ ಬಟ್ಟೆ ತಂದುಕೊಟ್ಟೆ. ಚಿಕ್ಕನಿಂಗಮ್ಮನ ಜೊತೆ ಅವ್ವ ಮಾತು ಬಿಟ್ಟಳು. ನನ್ನ ಜೊತೆ ಬಿಡಲಿಲ್ಲ. ಮೂವತ್ತು ವರ್ಷವೂ ಊಟಕ್ಕೆ ಕರೆದಳು.