ನೊಣಹಿಡುಕ ಕಲಿತ ಶಿಳ್ಳೆ

ಚಿಕ್ಕಪ್ಪನವರಿಗೆ ನಮಸ್ಕಾರ,

ನೀವು ನನ್ನನ್ನು ಕರಪತ್ರ ಪಂಡಿತ ಎಂದು ಆಡಿಕೊಳ್ಳುತ್ತೀರಿ. ಮರ ಕಡಿಯುವುದು ಅನ್ಯಾಯವೆಂದು ನಿಮ್ಮ ಮರ ಕೊಯ್ಯುವ ಕಾರ್ಖಾನೆಯ ಗೇಟಿಗೇ ಕರಪತ್ರ ಅಂಟಿಸಿದವನು ನಾನು. ಇವತ್ತು ಬರೆಯುತ್ತಿರುವುದು ಆ ಜಗಳಕ್ಕಲ್ಲ.

ಕಾರ್ಖಾನೆಯ ಹಿಂದಿನ ಪಾಳುಬಾವಿಯ ಬಳಿಗೆ ನೊಣಹಿಡುಕ ಹಕ್ಕಿಗಳು ಈ ವರ್ಷವೂ ಮರಳಿವೆ. ನೀಲಿ ಬೆನ್ನು, ಕಿತ್ತಳೆ ಎದೆಯ ಎರಡು ಜಾತಿಗಳು ನೆರಳಿನಲ್ಲಿ ಅವಳಿಗಳಂತೆ ಕಾಣುತ್ತವೆ. "ಬಣ್ಣ ನೋಡಿ ಮೋಸ ಹೋಗ್ಬೇಡ್ವೋ, ಅದು ಬಾಯಿ ಬಿಡೋವರೆಗೂ ಕಾಯಿ" ಎನ್ನುತ್ತಿದ್ದರು ಅಪ್ಪ. ಕಾದೆ. ಒಂದು ಹಕ್ಕಿ ಹಾಡಿದ್ದು ಎರಡರಲ್ಲಿ ಯಾವ ಜಾತಿಯ ಹಾಡೂ ಅಲ್ಲ. ನನ್ನನ್ನು ಊಟಕ್ಕೆ ಕರೆಯಲು ಅಪ್ಪ ಹಾಕುತ್ತಿದ್ದ ಶಿಳ್ಳೆ, ಮುರಿದ ಹಲ್ಲಿನ ಸಂದಿಯಿಂದ ಕೊನೆಗೆ ಸೋರುವ ಉಸಿರಿನ ಸಮೇತ.

ಈ ಹಕ್ಕಿ ಪದೇ ಪದೇ ಕೇಳಿದ್ದನ್ನು ಮಾತ್ರ ಕಲಿಯುತ್ತದೆ. ಕಳೆದ ವರ್ಷ ಅಪ್ಪ ಕಾಣೆಯಾದಾಗ, ಅವರು ಬಸ್ಸು ಹತ್ತಿದ್ದನ್ನು ಕಣ್ಣಾರೆ ಕಂಡೆ ಎಂದಿರಿ. ಅದೇ ವಾರ, ಮಕ್ಕಳು ಬಿದ್ದಾರು ಎಂದು ಬಾವಿಗೆ ಚಪ್ಪಡಿ ಹಾಕಿಸಿದಿರಿ. ಆಗಲೂ ಈಗಲೂ ಹಕ್ಕಿಗಳ ಗೂಡು ಆ ಚಪ್ಪಡಿಯ ಸಂದಿಯಲ್ಲೇ. ನಿಮ್ಮ ಗರಗಸದ ಸದ್ದಿನಲ್ಲಿ ಮನುಷ್ಯರಿಗೆ ಏನೂ ಕೇಳಿಸಿರಲಿಕ್ಕಿಲ್ಲ.

ಅಮ್ಮನಿಗೆ ಹೇಳಿಲ್ಲ. ಒಂದು ಹಕ್ಕಿ ಈಗ ನಮ್ಮ ಹಿತ್ತಲಿಗೂ ಬರುತ್ತಿದೆ. ಅದು ಶಿಳ್ಳೆ ಹಾಕಿದಾಗಲೆಲ್ಲ "ಬಂದ್ರು ನೋಡು" ಎಂದು ಅವಳು ಬಾಗಿಲು ತೆಗೆಯುತ್ತಾಳೆ.

ಚಪ್ಪಡಿ ಎತ್ತಲು ನಾಲ್ಕು ಆಳು, ಒಂದು ಉದ್ದನೆಯ ಹಗ್ಗ ಬೇಕು. ಮರಿಗಳಿವೆ, ನಿಧಾನವಾಗಿ ಎತ್ತಬೇಕು. ನೀವೂ ಖುದ್ದಾಗಿ ಬನ್ನಿ. ಗರಗಸ ನಿಲ್ಲಿಸಿ, ಬಾವಿಯ ಪಕ್ಕ ಕೂತು ಆ ಶಿಳ್ಳೆ ಕೇಳಿ. ಆಮೇಲೆ, ಅಪ್ಪ ಯಾವ ಬಸ್ಸು ಹತ್ತಿದರೆಂದು ಅಲ್ಲೇ ಹೇಳಿ.

ಇಂತಿ,
ನಿಮ್ಮ ಅಣ್ಣನ ಮಗ