ಗುಡ್ಡದ ಇಳಿಜಾರಿನಲ್ಲಿ ನಿಂತುಹೋಗುವ ಸದ್ದು

ಡೀಸೆಲ್ ಉಳಿಸುವ ಹೊಣೆ ಹೊತ್ತ ಬಸ್ ಘಟಕದ ವ್ಯವಸ್ಥಾಪಕರಿಗೆ,

ಮಾನ್ಯರೇ, ನನಗೆ ಹೆದರಿಕೆಯಾಗಿದೆ. ನಿಮ್ಮ ಬಸ್ಸುಗಳು ಗಜೇಂದ್ರಗಡದ ಗುಡ್ಡವನ್ನು ಎಂಜಿನ್ ಬಂದ್ ಮಾಡಿಕೊಂಡು ಇಳಿಯುತ್ತಿವೆ. ಹಾಗೆ ಇಳಿಸುತ್ತಿರುವುದು ಚಾಲಕರಲ್ಲ, ನಿಮ್ಮ ಗೋಡೆಯ ಮೇಲಿನ ಹಲಗೆ. ನಾನು ಬೀದಿ ಹೋರಾಟದಲ್ಲಿ ಬೆಳೆದ ಮನುಷ್ಯ. ಲಾಠಿ ತಿಂದಿದ್ದೇನೆ, ಲಾಕಪ್ಪಿನ ನೆಲದ ಮೇಲೆ ಮಲಗಿದ್ದೇನೆ. ಆಗೆಲ್ಲ ಬಾರದ ನಡುಕ ಈಗ ಬಸ್ಸಿನ ಸದ್ದು ನಿಂತರೆ ಬರುತ್ತದೆ. ಇದನ್ನು ನಾಲ್ಕು ಜನರ ಮುಂದೆ ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ನಾಚಿಕೆ ನಿಮಗಿರಬೇಕಿತ್ತು.

ಲೀಟರಿಗೆ ಹೆಚ್ಚು ದೂರ ಓಡಿಸಿದವರ ಹೆಸರು ನಿಮ್ಮ ಹಲಗೆಯಲ್ಲಿ ಹಸಿರು, ಕಡಿಮೆ ಓಡಿಸಿದವರದು ಕೆಂಪು. ಮತ್ತೆ ಮತ್ತೆ ಕೆಂಪಾದವನಿಗೆ ರಜೆಯಿಲ್ಲ, ಮನೆ ಮುಟ್ಟಲಾಗದ ದೂರದ ರೂಟು. ಇಂಧನ ಉಳಿತಾಯದ ಸಮಾರಂಭದಲ್ಲಿ ನೀವು ಮಾಡಿದ ಭಾಷಣವನ್ನು ನಾನು ಕೊನೆಯ ಸಾಲಿನಲ್ಲಿ ನಿಂತು ಕೇಳಿದ್ದೇನೆ. ಒಂದೇ ವೇಗದಲ್ಲಿ ಓಡಿಸಿ ಎಂದಿರಿ. ಪದೇ ಪದೇ ಬ್ರೇಕ್ ಒತ್ತಬೇಡಿ, ಟೈರಿನ ಗಾಳಿ ಸರಿಯಿರಲಿ, ಮಿತಿ ಮೀರಿ ಭಾರ ಹೇರಬೇಡಿ, ನಿಂತಲ್ಲಿ ಎಂಜಿನ್ ಉರಿಸಬೇಡಿ ಎಂದಿರಿ. ಒಂದು ಮಾತೂ ಸುಳ್ಳಲ್ಲ. ಅಷ್ಟು ಹೊತ್ತೂ ನಿಮ್ಮ ಜೀಪು ಬೇವಿನ ಮರದ ಕೆಳಗೆ ಎಂಜಿನ್ ಉರಿಸಿಕೊಂಡೇ ನಿಂತಿತ್ತು, ನೀವು ಬಂದು ಕುಳಿತಾಗ ಸೀಟು ತಂಪಾಗಿರಲೆಂದು.

ಒಂದೇ ವೇಗ ಎಲ್ಲಿಂದ ತರೋಣ ಸ್ವಾಮಿ? ನಮ್ಮ ಕಡೆ ತಗ್ಗುಗಳ ನಡುವೆ ರಸ್ತೆಯನ್ನು ಹುಡುಕಬೇಕು. ಒಂದು ಹಂಪು ದಾಟಿ ಗೇರು ಏರಿಸುವಷ್ಟರಲ್ಲಿ ಇನ್ನೊಂದು ಹಂಪು. ಟೈರೆಂದರೆ ಸವೆದದ್ದರ ಮೇಲೆ ಹೊಸ ತೊಗಲು ಅಂಟಿಸಿದ್ದು. ಇನ್ನು ಭಾರ. ಎರಡು ಬಸ್ಸಿನ ಜನಕ್ಕೆ ಒಂದೇ ಬಸ್ಸು ಬಿಟ್ಟವರು ನೀವು. ಯಾರನ್ನು ಇಳಿಸಬೇಕು? ಕಾಲೇಜಿಗೆ ಹೊರಟ ಹುಡುಗಿಯರನ್ನೋ, ಸೀರೆ ಗಂಟು ಹೊತ್ತ ನೇಕಾರರನ್ನೋ? ಡೀಸೆಲ್ ಹಾಳಾಗುವ ಕಾರಣಗಳೆಲ್ಲ ನಿಮ್ಮಂಥವರ ಕೈಯಲ್ಲಿವೆ. ಚಾಲಕನ ಕೈಯಲ್ಲಿ ಉಳಿದದ್ದು ಒಂದು ಕೀಲಿ. ಅವನು ಅದನ್ನೇ ತಿರುಗಿಸಿದ.

ನಮ್ಮ ರಾಜೂರಿನ ಬೆಳಗಿನ ಬಸ್ಸಿಗೆ ದ್ಯಾಮೇಶ ಚಾಲಕನಾಗಿದ್ದ. ಗುಡ್ಡದ ನೆತ್ತಿಗೆ ಬಂದಾಗ ಕಾಲಕಾಲೇಶ್ವರನ, ನಮ್ಮ ಜನರ ಬಾಯಲ್ಲಿ ಕಳಕಪ್ಪನ, ಗುಡಿಯಿರುವ ದಿಕ್ಕಿಗೆ ಬಸ್ಸಿನವರೆಲ್ಲ ಕೈ ಮುಗಿಯುವುದು ಹಿಂದಿನಿಂದ ಬಂದ ರೂಢಿ. ಸರಿಯಾಗಿ ಅಲ್ಲೇ ಎಂಜಿನ್ ಸದ್ದು ನಿಲ್ಲುತ್ತಿತ್ತು. ಜನ ಅದನ್ನು ಭಕ್ತಿ ಎಂದುಕೊಂಡರು. ಗಜೇಂದ್ರಗಡದ ಅಂಗಡಿಗಳಿಗೆ ಸೀರೆ ಮುಟ್ಟಿಸುವ ಕಲ್ಲವ್ವ ಅವನ ಹಣೆಗೆ ತಾನೇ ವಿಭೂತಿ ಹಚ್ಚುತ್ತಿದ್ದಳು, ಕಾಯಿಯ ಹೋಳು ಕೊಡುತ್ತಿದ್ದಳು.

“ದೇವ್ರ ಕಂಡ ಕೂಡ್ಲೆ ಗಾಡಿ ಬಾಯಿ ಮುಚ್ಚಸ್ತಾನ, ಎಂಥಾ ಪುಣ್ಯಾತ್ಮ” ಎಂದು ಹೇಳಿ ನನ್ನ ಕಡೆ ತಿರುಗುತ್ತಿದ್ದಳು. “ನೀನೂ ಅದಿ. ಹೋರಾಟದಾವ್ರಿಗೆ ಕೈ ಎತ್ತೂದಷ್ಟ ಗೊತ್ತ, ಮುಗಿಯೂದ ಗೊತ್ತಿಲ್ಲ.”

ಬಸ್ಸು ನಗುತ್ತಿತ್ತು. ಗಾಳಿಯ ಸುಯ್ಯೆನ್ನುವ ಸದ್ದಿನಲ್ಲಿ ತುಂಬಿದ ಬಸ್ಸು ತೇಲಿಕೊಂಡು ಇಳಿಯುತ್ತಿತ್ತು. ಕೂಸುಗಳು ನಿದ್ದೆ ಹೋಗುತ್ತಿದ್ದವು.

ಕಳೆದ ತಿಂಗಳು ಒಂದು ಬೆಳಿಗ್ಗೆ ಅರ್ಧ ಇಳಿಜಾರಿನಲ್ಲಿ ಕುರಿಹಿಂಡು ಅಡ್ಡ ಬಂತು. ದ್ಯಾಮೇಶ ಬ್ರೇಕ್ ಒತ್ತಿದ, ಬಿಟ್ಟ, ಮತ್ತೆ ಒತ್ತಿದ. ಎಂಜಿನ್ ಓಡದೆ ಬ್ರೇಕಿಗೆ ಗಾಳಿ ತುಂಬುವುದಿಲ್ಲ. ಇದ್ದ ಗಾಳಿ ಖಾಲಿಯಾಯಿತು. ಕೀಲಿ ತಿರುಗಿಸಿದರೆ ಸತ್ತ ಬ್ಯಾಟರಿ ಕೆಮ್ಮಿ ಸುಮ್ಮನಾಯಿತು. ಸ್ಟೇರಿಂಗು ಕಲ್ಲಾಯಿತು. ಅವನು ಎದ್ದು ನಿಂತು, ಎದೆಯನ್ನೇ ಚಕ್ರಕ್ಕೆ ಒತ್ತಿ ತಿರುವಿದ. ಕುರಿಗಳು ಉಳಿದವು. ಬಸ್ಸು ರಸ್ತೆ ಬಿಟ್ಟು ತೋಟಪ್ಪನವರ ಕಡಲೆ ಹೊಲಕ್ಕೆ ನುಗ್ಗಿತು. ಎರೆಮಣ್ಣು ಚಕ್ರಗಳನ್ನು ಹಿಡಿದುಕೊಂಡಿತು. ಹೊಲದ ಬದುವಿನಾಚೆ ಕಲ್ಲು ಕ್ವಾರಿಯ ಕಂದಕವಿದೆ. ನಿಮ್ಮ ಜೀಪಿನ ಕಿಟಕಿಯಿಂದ ಅದು ಕಾಣುವುದಿಲ್ಲ. ಆ ಬೆಳಿಗ್ಗೆ ನಮಗೆ ಕಂಡಿತು.

ತೋಟಪ್ಪನವರು ಬಡಿಗೆ ಹಿಡಿದು ಓಡಿ ಬಂದರು. “ಯಾವನ್ಲೇ ಅಂವಾ, ಕಡ್ಲ್ಯಾಗ ಬಸ್ಸ ಹೊಡದಾಂವ?” ಬಾಗಿಲಿನಿಂದ ಒಬ್ಬೊಬ್ಬರೇ ಇಳಿಯುವುದನ್ನು ಕಂಡು ಬಡಿಗೆ ಕೆಳಗಿಟ್ಟರು. “ಇರ್ಲಿ ಬಿಡ್ರಿ. ಕಡ್ಲಿ ಮತ್ತ ಬೆಳೀತೈತಿ” ಎಂದು ಅಲ್ಲೇ ಕುಳಿತರು.

ಕಲ್ಲವ್ವ ಸೀರೆ ಗಂಟನ್ನು ಬಿಗಿಯಾಗಿ ಅವಚಿಕೊಂಡೇ ಕೇಳಿದಳು. “ಏನಪಾ ದ್ಯಾಮೇಶ, ಕಳಕಪ್ಪಗ ಕೈ ಮುಗ್ಯಾಕ ಗಾಡಿ ಬಂದ್ ಮಾಡಿದ್ದಿ, ಹೌದಿಲ್ಲೋ?”

ದ್ಯಾಮೇಶ ಹಣೆಯ ವಿಭೂತಿಯನ್ನು ತೋಳಿನಿಂದ ಒರೆಸಿಕೊಂಡ. “ಕಳಕಪ್ಪಗಲ್ಲಬೇ. ಹಲಗಿಗೆ.”

ಮಾನ್ಯರೇ, ಮುಂದೆ ನೀವು ಮಾಡಿದ್ದೇನು? ‘ಅಜಾಗರೂಕತೆ’ ಎಂದು ಬರೆದು ದ್ಯಾಮೇಶನನ್ನು ಮನೆಗೆ ಕಳಿಸಿದಿರಿ. ಹಲಗೆಯನ್ನು ಅಲ್ಲೇ ಬಿಟ್ಟಿರಿ. ಗೇರಿನಲ್ಲಿಟ್ಟು ಎಕ್ಸಲರೇಟರಿನಿಂದ ಕಾಲು ತೆಗೆದು ಇಳಿದರೆ ಎಂಜಿನ್ ತಿರುಗುತ್ತಲೇ ಇರುತ್ತದೆ, ಡೀಸೆಲ್ ಮಾತ್ರ ಇಲ್ಲವೆನ್ನುವಷ್ಟೇ ಹೀರುತ್ತದೆ. ಗಾಳಿಯೂ ತುಂಬುತ್ತದೆ, ಬಸ್ಸೂ ಹಿಡಿತದಲ್ಲಿರುತ್ತದೆ. ಕೀಲಿ ತಿರುಗಿಸಿ ಉಳಿಸುವುದು ಹೆಚ್ಚೆಂದರೆ ಒಂದಿಷ್ಟು ಹನಿ. ಈ ಮಾತು ನಿಮ್ಮ ಭಾಷಣದಲ್ಲೇಕೆ ಬರಲಿಲ್ಲ? ಗೊತ್ತಿರಲಿಲ್ಲವೆಂದರೆ ಆ ಕುರ್ಚಿಯಲ್ಲಿ ಏಕಿದ್ದೀರಿ? ಗೊತ್ತಿದ್ದೂ ಹಲಗೆ ಹಸಿರಾದರೆ ಸಾಕೆಂದು ಸುಮ್ಮನಿದ್ದಿರಾದರೆ, ನಾನು ನಿಮಗೂ ಹೆದರಬೇಕು.

ದ್ಯಾಮೇಶನ ಜಾಗಕ್ಕೆ ಹೊಸ ಚಾಲಕ ಬಂದಿದ್ದಾನೆ. ಮೊನ್ನೆ ನಾನೂ ಆ ಬಸ್ಸಿನಲ್ಲಿದ್ದೆ. ನೆತ್ತಿಗೆ ಬಂದೆವು. ಸದ್ದು ನಿಂತಿತು.

ಈ ಸಲ ಯಾರೂ ಕೈ ಮುಗಿಯಲಿಲ್ಲ. ಎಲ್ಲರೂ ಕಂಬಿ ಹಿಡಿದರು. “ಏ ತಮ್ಮಾ, ಚಾಲೂ ಮಾಡೋ” ಎಂದು ಕಲ್ಲವ್ವ ಕೂಗಿದಳು. “ನನ್ನ ಹೆಸರೂ ಕೆಂಪಾಗೈತ್ರಿ ಅವ್ವಾ” ಎಂದ ಅವನು, ಹಿಂದೆ ತಿರುಗದೆ.

ನನ್ನ ಮಗಳು ವಿದ್ಯಾಶ್ರೀ ದಿನಾಲೂ ಅದೇ ಬಸ್ಸಿಗೆ ಕಾಲೇಜಿಗೆ ಹೋಗುತ್ತಾಳೆ. ಬೇರೆ ಬಸ್ಸಿಲ್ಲ. ಹೋಗಬೇಡ ಎಂದೆ. “ಪರೀಕ್ಷಿ ಐತಪಾ” ಎಂದಳು. ಈಗ ಅವಳು ಚಾಲಕನ ಪಕ್ಕ ಎಂಜಿನ್ನಿನ ಬಾನೆಟ್ಟಿಗೆ ಒತ್ತಿ ನಿಲ್ಲುತ್ತಾಳಂತೆ, ಅಂಗೈಯನ್ನು ಅದರ ಮೇಲಿಟ್ಟು. “ಬಂದ್ ಆದ ಕೂಡ್ಲೆ ಕೈಗೆ ಗೊತ್ತಾಕ್ಕೈತಿ. ಮೊದ್ಲ ನಾನ ಒದರ್ತೀನಿ.” ಓದಲು ಕಳಿಸಿದ ಮಗಳು ಎಂಜಿನ್ನಿನ ನಾಡಿ ಹಿಡಿದು ಕಾಯುತ್ತಿದ್ದಾಳೆ. ಆ ಕೆಲಸಕ್ಕೆ ಸಂಬಳ ಪಡೆಯುವವರು ನೀವು.

ಆದ್ದರಿಂದ ಕೇಳುತ್ತಿದ್ದೇನೆ. ಬೇಡುತ್ತಿಲ್ಲ. ಗುಡ್ಡದ ರೂಟಿನವರ ಹೆಸರುಗಳನ್ನು ಆ ಹಲಗೆಯಿಂದ ಇಂದೇ ಅಳಿಸಿ. ಇಳಿಜಾರಿನಲ್ಲಿ ಎಂಜಿನ್ ಬಂದ್ ಮಾಡಕೂಡದೆಂದು ನಿಮ್ಮ ಸಹಿಯಲ್ಲಿ ಆದೇಶ ಹೊರಡಿಸಿ. ದ್ಯಾಮೇಶನನ್ನು ಕೆಲಸಕ್ಕೆ ಕರೆಯಿರಿ. ಸಾಲದಿದ್ದರೆ ಜೀಪು ಬಿಟ್ಟು ಒಂದು ಬೆಳಿಗ್ಗೆ ನಮ್ಮ ಜೊತೆ ಬನ್ನಿ. ನಿಂತುಕೊಂಡೇ ಬರಬೇಕಾಗುತ್ತದೆ. ನನ್ನ ಮಗಳು ಪಕ್ಕಕ್ಕೆ ಸರಿದು ಬಾನೆಟ್ಟಿನ ಮೇಲೆ ನಿಮ್ಮ ಅಂಗೈಗೂ ಜಾಗ ಕೊಡುತ್ತಾಳೆ. ನಾಳೆ ಬೆಳಿಗ್ಗೆಯೂ ಅವಳ ಕೈ ಅಲ್ಲಿರುತ್ತದೆ. ಅದರ ಕೆಳಗೆ ಆ ಕಬ್ಬಿಣ ನಡುಗುತ್ತಿರಲಿ. ಈ ಬಸ್ಸಿನಲ್ಲಿ ನಡುಗುವುದು ಅದೊಂದೇ ಆಗಲಿ.

ಇಂತಿ,
ಯಾರಿಗೂ ಕೈ ಮುಗಿಯದೆ ಬದುಕಿ, ಈಗ ಎರಡೂ ಕೈಯಲ್ಲಿ ಕಂಬಿ ಹಿಡಿದು ನಿಂತಿರುವ
ರಾಜೂರಿನ ಒಬ್ಬ ಪ್ರಯಾಣಿಕ