ಹಸಿರು ದೀಪಕ್ಕೆ ಕಿರುಚಿದವರು

ಫೆಬ್ರವರಿ ಮೂವತ್ತು, ಎರಡು ಸಾವಿರದ ನೂರ ನಲವತ್ತೇಳು
ಪಟಾಲಂಪಾಳ್ಯ, ಬೆಂಗಳೂರು ದಂಡು

ನೂರಿಪ್ಪತ್ತು ವರ್ಷಗಳ ಹಿಂದೆ ಟಿ.ವಿ. ಮುಂದೆ ಕೂತಿರುವ ನಮ್ಮ ಅಜ್ಜಂದಿರೇ, ಅಜ್ಜಿಯಂದಿರೇ,

ಮೈದಾನ ಪಾಳ್ಯದ್ದೇ ಆಗಿರುತ್ತದೆ ಎಂದರು ಕ್ಲಬ್ಬಿನವರು. ಗೇಟು ಹಾಕಿದರು. ಗ್ಯಾಲರಿಯ ಒಂದು ಬದಿ ನಮಗೆ ಬಿಟ್ಟಿ ಎಂದರು. ಆ ಬದಿಯಲ್ಲಿ ಕ್ಯಾಮೆರಾ ನಿಲ್ಲಿಸಿದರು. ತಂಡದಲ್ಲಿ ಅರ್ಧ ನಮ್ಮ ಮಕ್ಕಳೇ ಎಂದರು. ಒಬ್ಬಳನ್ನು ತೆಗೆದುಕೊಂಡರು. ಪೆಟ್ಟಾದರೆ ಚಿಕಿತ್ಸೆಯ ಹೊಣೆ ನಮ್ಮದು ಎಂದರು. ಆ ಒಬ್ಬಳಿಗೆ ಪೆಟ್ಟಾಯಿತು. ಈಗ ಪೆಟ್ಟೇ ಆಗಿಲ್ಲ ಎನ್ನುತ್ತಿದ್ದಾರೆ. ಅವಳ ಹೆಸರು ಜಸಿಂತ. ಅವಳಿಗಾಗಿ ಬರೆಯುತ್ತಿದ್ದೇನೆ.

ಮೇಲಿನ ತಾರೀಖು ನೋಡಿ ನಗಬೇಡಿ. ಫುಟ್ಬಾಲ್ ಋತುವಿಗೆ ಇನ್ನೊಂದು ವಾರಾಂತ್ಯ ಬೇಕೆಂದು ಪ್ರಸಾರದವರು ಕೇಳಿದರು, ಸರ್ಕಾರ ಫೆಬ್ರವರಿಯನ್ನು ಉದ್ದ ಮಾಡಿಕೊಟ್ಟಿತು. ಕೇಳಿದರೆ ಕೊಡುವ ಸರ್ಕಾರ ನಮ್ಮದು. ಕೇಳುವವರು ಯಾರು ಎಂಬುದಷ್ಟೇ ಪ್ರಶ್ನೆ. ಈ ಕಾಗದದಲ್ಲಿ ನಿಮಗೆ ಗೊತ್ತಿಲ್ಲದ ಮಾತುಗಳು ಬಂದರೆ ಕ್ಷಮಿಸಿ. ಮಾತು ನಮ್ಮವು. ಬಿತ್ತಿದವರು ನೀವು.

ನಮ್ಮ ಪಾಳ್ಯದ ಹೊಟ್ಟೆ ತುಂಬಿಸುವುದು ಸದ್ದುಕೂಲಿ. ಆಟ ನೋಡಲು ಈಗ ಯಾರೂ ಮೈದಾನಕ್ಕೆ ಬರುವುದಿಲ್ಲ, ಎಲ್ಲರೂ ಮನೆಯಲ್ಲೇ ನೋಡುತ್ತಾರೆ. ಆದರೆ ಖಾಲಿ ಗ್ಯಾಲರಿ ತೋರಿಸಿದರೆ ಚಿತ್ರಕ್ಕೆ ಕಳೆ ಇರುವುದಿಲ್ಲವಂತೆ. ಅದಕ್ಕೆ ನಮ್ಮನ್ನು ಕೂರಿಸುತ್ತಾರೆ. ಎದುರಿನ ಕಂಬದಲ್ಲಿ ಹಸಿರು ದೀಪ ಹತ್ತಿದರೆ ಎದ್ದು ಕೈಯೆತ್ತಿ ಹರ್ಷ ಮಾಡಬೇಕು. ಕೆಂಪು ಹತ್ತಿದರೆ ಬೈಯಬೇಕು. ಬೆಳಿಗ್ಗೆ ಎದ್ದರೆ ಓಣಿಯ ತುಂಬ ಉಪ್ಪುನೀರು ಮುಕ್ಕಳಿಸುವ ಸದ್ದು. ಹೆಂಗಸರ ಸೆರಗಿನಲ್ಲಿ ಒಣಶುಂಠಿ. ಯಾವುದೋ ದೇಶದವರ ರಾತ್ರಿ ಊಟದ ಹೊತ್ತಿಗೆ ಹೊಂದಲೆಂದು ಇಲ್ಲಿ ಮಟಮಟ ಮಧ್ಯಾಹ್ನ ಆಡಿಸುತ್ತಾರೆ. ನಡುನಡುವೆ ತುಂಡುವೇಳೆ ಬರುತ್ತದೆ: ಜಾಹೀರಾತು ಮುಗಿಯುವತನಕ ಆಟಗಾರರು ನಿಂತಲ್ಲೇ ನಿಲ್ಲುವ ಹೊತ್ತು. ಓಣಿಯಲ್ಲಿ ಚಿಂದಿಚೆಂಡು ಒದೆಯುವ ನಮ್ಮ ಮಕ್ಕಳೂ ಓಡುತ್ತಾ ಓಡುತ್ತಾ ತಟ್ಟನೆ ನಿಂತುಬಿಡುತ್ತಾರೆ. ಯಾಕೆ ನಿಂತಿರಿ ಎಂದರೆ ಮುಖಮುಖ ನೋಡುತ್ತಾರೆ. ಅವರ ಪಾಲಿಗೆ ಅದು ಫುಟ್ಬಾಲಿನ ನಿಯಮ, ಕೈಗೆ ಚೆಂಡು ತಾಗಬಾರದು ಎಂಬ ಹಾಗೆ.

ಇನ್ನೊಂದು ಬೀಳಾಟ. ಆಟಗಾರರು ಕ್ಯಾಮೆರಾ ಮುಂದೆ ಬಿದ್ದು ಹೊರಳುವುದಕ್ಕೆ ಹಾಗೆನ್ನುತ್ತೇವೆ. ಗೋಲಿಗಿಂತ ಅದನ್ನೇ ಜನ ಮತ್ತೆಮತ್ತೆ ನೋಡುತ್ತಾರಾದ್ದರಿಂದ, ಬಿದ್ದ ಕೂಡಲೇ ಹಸಿರು ದೀಪ ಹತ್ತುತ್ತದೆ. ಜಸಿಂತ ಬೀಳಾಟ ಆಡುತ್ತಿರಲಿಲ್ಲ. ಅವಳು ಹಿಂದಿನ ಸಾಲಿನವಳು, ಗೋಲಾಗದಂತೆ ತಡೆಯುವವಳು. ತಡೆಯುವವರು ಚಿತ್ರಕ್ಕೆ ಶನಿ ಎಂದು ಪ್ರಸಾರದವರು ಅವಳನ್ನು ಯಾವಾಗಲೂ ಹಂಗಿಸುತ್ತಿದ್ದರು.

ಹೋದ ಭಾನುವಾರ ನಾನು ಗೇಟಿನ ಹೊರಗೆ ಫಲಕ ಹಿಡಿದು ನಿಂತಿದ್ದೆ. ಒಳಗೆ ಹೋಗುತ್ತಿದ್ದ ತೊಬಿಯಾಸ್, ಪಕ್ಕದ ಮನೆಯವನು, ಎಂದಿನಂತೆ ಕೆಣಕಿದ: "ಸಂಘಾ ಸಂಘಾ ಅಂತ ಬೀದೀಲಿ ಬಿಟ್ಟಿ ಕಿರುಚ್ತೀಯ ಗಂಗಕ್ಕ, ಒಳಗ್ ಬಂದು ಕಿರುಚು, ಕೂಲಿನಾದ್ರೂ ಕೊಡ್ತಾರೆ." ಸ್ವಲ್ಪ ಹೊತ್ತಿಗೆ ಗೋಡೆಯಾಚೆಯಿಂದ ಭಾರೀ ಹರ್ಷೋದ್ಗಾರ ಕೇಳಿತು. ನಮ್ಮ ಹುಡುಗಿ ಏನೋ ಸಾಧಿಸಿದಳು ಎಂದುಕೊಂಡು ನಾನೂ ಫಲಕ ಎತ್ತಿ ಕುಣಿದೆ.

ಒಳಗೆ ಆಗಿದ್ದು ಇದು. ಎತ್ತರದ ಚೆಂಡಿಗೆ ಜಸಿಂತ ತಲೆ ಕೊಟ್ಟಳು. ಎದುರಾಳಿಯ ಮೊಣಕಾಲು ಅವಳ ಕಿವಿಯ ಹಿಂದಕ್ಕೆ ಬಡಿಯಿತು. ಬಿದ್ದವಳು ಏಳಲಿಲ್ಲ. ದೀಪ ಹತ್ತಿತು, ಇಡೀ ಪಾಳ್ಯ ಎದ್ದು ಹರ್ಷ ಮಾಡಿತು. ತುಂಡುವೇಳೆ ಇನ್ನೂ ಬಂದಿಲ್ಲವೆಂದು ವೈದ್ಯರನ್ನು ಗೆರೆಯಾಚೆ ತಡೆದರು. ಅವಳ ಸುತ್ತ ಆಟ ನಡೆಯಿತು. ಈಗ ಅವಳಿಗೆ ನಿಂತರೆ ತಲೆ ಸುತ್ತುತ್ತದೆ, ಎಡಗಡೆಯ ಕಿವಿ ಕೇಳಿಸುವುದಿಲ್ಲ. ತಲೆಯೊಳಗೆ ರಕ್ತ ಹೆಪ್ಪುಗಟ್ಟಿದೆ, ಬೇಗ ತೆರೆದು ತೆಗೆಯದಿದ್ದರೆ ಉಳಿಯುವುದು ಕಷ್ಟ ಎಂದು ಡಾಕ್ಟರು ಹೇಳಿದ್ದಾರೆ. ಆ ಶಸ್ತ್ರಚಿಕಿತ್ಸೆಯ ಖರ್ಚಿಗೆ ಕ್ಲಬ್ಬಿನ ಒಪ್ಪಿಗೆ ಬೇಕು.

ಕ್ಲಬ್ಬಿನ ಪರವಾಗಿ ಒಪ್ಪಿಗೆ ಕೊಡುವುದು ಚಿತ್ರಪಂಚಾಯ್ತಿ. ನಿಮ್ಮ ಕಾಲದಲ್ಲಿ ಗೋಲು ಹೌದೋ ಅಲ್ಲವೋ ಎಂದು ಪರದೆ ನೋಡಿ ಹೇಳಲು ಒಂದು ಕೋಣೆ ಮಾಡಿದ್ದಿರಲ್ಲ, ಅದರ ಮೊಮ್ಮಗ ಇದು. ಈಗ ಎಲ್ಲಕ್ಕೂ ಪರದೆಯೇ ಸಾಕ್ಷಿ. ಪಂಚಾಯ್ತಿ ಹೇಳಿತು: ಹುಡುಗಿ ಬಿದ್ದಾಗ ಅವಳ ಹೆತ್ತ ತಾಯಿಯೇ ನಗುತ್ತಾ ಕೈಯೆತ್ತಿ ಕೂಗುತ್ತಿರುವುದು ಸ್ಪಷ್ಟವಾಗಿ ಕಾಣುತ್ತಿದೆ. ಪೆಟ್ಟಾದ ಮಗಳನ್ನು ನೋಡಿ ಯಾವ ತಾಯಿ ಹರ್ಷಪಡುತ್ತಾಳೆ? ಆದ್ದರಿಂದ ಇದು ಬೀಳಾಟ.

ತಾಯಿ ಅಮಲೋರ್ಪವಂ ಪಾಳ್ಯದಲ್ಲೇ ದೊಡ್ಡ ಗಂಟಲಿನವಳು, ಮುಂದಿನ ಸಾಲಿನ ಸದ್ದುಕೂಲಿ. ಮಗಳ ಹಾಸಿಗೆಯ ಪಕ್ಕ ಕೂತು ನನ್ನ ಕೈ ಹಿಡಿದುಕೊಂಡಳು. "ಗಂಗಕ್ಕಾ, ನಾನು ಚೆಂಡೇ ನೋಡಿಲ್ಲ ಕಣಕ್ಕ. ನಾವ್ಯಾರ್ ಚೆಂಡ್ ನೋಡ್ತೀವಿ? ಕಂಬ ನೋಡ್ತಾ ಇದ್ದೆ. ಹತ್ತಿತು, ಎದ್ದೆ. ಎಲ್ರಿಗಿಂತ ಜೋರಾಗಿ ನಾನೇ ಕಿರುಚ್ದೆ." ಜಸಿಂತ ಮಲಗಿದ್ದಲ್ಲಿಂದಲೇ, "ಕೇಳಿಸ್ತಮ್ಮಾ, ನಿನ್ ಗಂಟ್ಲು ಗೊತ್ತಾಗಲ್ವಾ ನಂಗೆ? ಗೋಲಾಯ್ತು ಅಂದ್ಕೊಂಡೆ" ಎಂದಳು. ಅಮಲೋರ್ಪವಂ ಅಲ್ಲಿಂದ ಎದ್ದು ಹೋದಳು.

ಪಂಚಾಯ್ತಿಯ ತೀರ್ಪು ಮುರಿಯಲು ದಾರಿ ಒಂದೇ. ನಾವು ಮಗುವನ್ನು ನೋಡಿ ಕಿರುಚಲಿಲ್ಲ, ದೀಪ ನೋಡಿ ಕಿರುಚಿದೆವು ಎಂದು ಗ್ಯಾಲರಿಯಲ್ಲಿದ್ದವರೇ ಬೀದಿಯಲ್ಲಿ ನಿಂತು ಹೇಳಬೇಕು. ದೀಪದ ಸುದ್ದಿ ಹೊರಗೆ ಹೇಳಿದವರಿಗೆ ಆ ದಿನದಿಂದ ಕೂಲಿ ಇಲ್ಲ. ಬೇರೆ ಕೆಲಸ ಪಾಳ್ಯದಲ್ಲಿ ಇಲ್ಲವೇ ಇಲ್ಲ. ಮನೆಮನೆಗೆ ಹೋದೆ. ತೊಬಿಯಾಸ್ ಈ ಸಲ ಕೆಣಕಲಿಲ್ಲ. "ಅಕ್ಕಾ, ನಂಗೂ ಮಕ್ಕಳವೆ" ಎಂದು ಬಾಗಿಲು ಹಾಕಿಕೊಂಡ. ಅವನನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ಬರುತ್ತೇನೆ ಎಂದವಳು ಅಮಲೋರ್ಪವಂ ಒಬ್ಬಳೇ.

ಅಜ್ಜಂದಿರೇ, ಅಜ್ಜಿಯಂದಿರೇ, ನಿಮ್ಮ ಮೇಲೆ ನನಗೆ ಉರಿಯುವ ಸಿಟ್ಟಿದೆ. ಆಟದ ಹೊತ್ತನ್ನು ಟಿ.ವಿ.ಯವರು ಬದಲಿಸಿದಾಗ ನೀವು ಊಟದ ಹೊತ್ತು ಬದಲಿಸಿಕೊಂಡಿರಿ. ಟಿಕೆಟು ದುಬಾರಿಯಾಗಿ ಕೂಲಿಯವನು ಗ್ಯಾಲರಿ ಬಿಟ್ಟು ಹೋದಾಗ, ಮನೆಯಲ್ಲೇ ಚೆನ್ನಾಗಿ ಕಾಣುತ್ತದೆ ಎಂದಿರಿ. ಖಾಲಿ ಮೈದಾನಕ್ಕೆ ಯಂತ್ರದ ಕೂಗು ತುಂಬಿದಾಗ ಅದಕ್ಕೂ ಒಗ್ಗಿಕೊಂಡಿರಿ. ನಿಮ್ಮ ಓಣಿಯ ಕೊನೆಯ ಮೈದಾನದಲ್ಲಿ ಬರಿಗಾಲ ಹುಡುಗರು ಆಡುವಾಗ ಯಾರಾದರೂ ಹೋಗಿ ಗೆರೆಯ ಪಕ್ಕ ನಿಲ್ಲಿ ಎಂದು ಕೇಳಬೇಕೆಂದಿದ್ದೆ. ಕೇಳಿ ಪ್ರಯೋಜನವಿಲ್ಲ. ನೀವು ಹೋಗಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ.

ಸಭೆಯ ಹೊತ್ತು ಹೇಳದೆ ನಮ್ಮ ಸಂಘದ ಯಾವ ಕಾಗದವೂ ಮುಗಿಯುವುದಿಲ್ಲ, ಓದುವವರು ಬರಲಾಗದವರಾದರೂ. ಮೊದಲು ಭಾನುವಾರ ಸಂಜೆ ಎಂದು ಸಾರಿದೆವು. ಪಾಳ್ಯವೆಲ್ಲ ಗ್ಯಾಲರಿಯಲ್ಲೇ ಕೂತಿರಲೆಂದು ಪಂದ್ಯವನ್ನು ಸಂಜೆಗೆ ತಂದರು. ಬೆಳಿಗ್ಗೆ ಎಂದೆವು, ಬೆಳಿಗ್ಗೆಗೆ ತಂದರು. ಇನ್ನು ಬದಲಿಸುವುದಿಲ್ಲ. ಅಮಲೋರ್ಪವಂ ಮಾತಾಡುತ್ತಾಳೆ. ಕೇಳುವವರು ಇರುತ್ತಾರೋ ಇಲ್ಲವೋ ಗೊತ್ತಿಲ್ಲ.

ಮೈದಾನದ ಹೊರಗೋಡೆಯ ಬಳಿ. ಭಾನುವಾರ, ಬೆಳಿಗ್ಗೆ ಒಂಬತ್ತು ಗಂಟೆ.

ಹೊನ್ನಗಂಗಮ್ಮ
ಗ್ಯಾಲರಿ ಕೂಲಿಗಳ ಸಂಘ